ಸುವ್ವಿ ಅಳಿಸಿದ ಮಧ್ಯಾಹ್ನ

ಅಜ್ಜಿ ಸುಂಕಲಮ್ಮನಿಗೆ ಲಕ್ವ ಹೊಡೆದು ಬಾಯಿ ಬಿದ್ದುಹೋದ ಮೇಲೆ, ಅವಳ ಕುಟ್ಟುವ ಹಾಡುಗಳು ಉಳಿದದ್ದು ಮೊಮ್ಮಗಳು ಅನುಸೂಯಾಳ ಕಂಪ್ಯೂಟರಿನಲ್ಲಿ ಮಾತ್ರ. ಫೋನು ತುಂಬಿತೆಂದು, ಟೈಪು ಮಾಡಿ ಮುಗಿದ ರೆಕಾರ್ಡಿಂಗುಗಳನ್ನೆಲ್ಲ ಅವಳೇ ಅಳಿಸಿಬಿಟ್ಟಿದ್ದಳು. ಹೊಸಪೇಟೆಯ ಆ ಮನೆಯಲ್ಲಿ ದಿನಾ ಊಟವಾದ ಮೇಲೆ ಒಂದು ಹಾಡು ಓದಬೇಕು. ಆಗ ಅಜ್ಜಿಯ ಎಡಗೈ ಮಂಚದ ಪಟ್ಟಿಯ ಮೇಲೆ ಒನಕೆಯಂತೆ ಬೀಳುತ್ತಿತ್ತು. ಅವಳಿಗೆ ಉಳಿದ ಮಾತು ಅದೊಂದೇ.

ಅನುಸೂಯಾ ಹಾಡು ಬರೆಯುವ ಎಡಿಟರಿನೊಳಗೇ ಶೆಲ್ ಎಂಬ ಕಪ್ಪು ಕಿಟಕಿಯಿದೆ. ಅಲ್ಲಿ ಅಪ್ಪಣೆ ಕೊಟ್ಟರೆ ಒಂದು ಫೈಲಿನಲ್ಲಿ ಕೆಲಸವಾಗುತ್ತದೆ. ಒಂದೊಂದಕ್ಕೂ ಬರೆದು ಬೇಸತ್ತು, ಅವಳು ಶೆಲ್ಲನ್ನು ತನಗೆ ಬೇಕಾದಂತೆ ತಿದ್ದಿ, ‘ಎಲ್ಲಾ’ ಎಂಬ ಪದ ಕಲಿಸಿದ್ದಳು. ಆ ಪದ ಮುಂದಿಟ್ಟರೆ ಅಪ್ಪಣೆ ತೆರೆದಿಟ್ಟ ಫೈಲುಗಳಿಗೆಲ್ಲ ಮುಟ್ಟುತ್ತಿತ್ತು.

ಓದಲು ಹಗುರವಾಗಲೆಂದು, ಮತ್ತೆ ಮತ್ತೆ ಬರುವ ‘ಸುವ್ವಿ’ ಎಂಬ ಸೊಲ್ಲಿರುವ ಸಾಲುಗಳನ್ನು ತೆಗೆಯಲು ಹೊರಟಳು. ಮೊದಲು, ಅಜ್ಜಿಯ ಹಾಡುಗಳ ಜೊತೆಗೇ ಬರೆದಿಟ್ಟಿದ್ದ ಸಂಡೂರಿನ ಚೆನ್ನಬಸಮ್ಮತ್ತೆಯ ಹಾಡೊಂದರ ಮೇಲೆ ಮಾಡಿ ನೋಡಿದಳು. ಅಲ್ಲಿ ಸುವ್ವಿ ಬೇರೆ ಸಾಲಾಗಿ ಕುಳಿತಿತ್ತು, ಚೊಕ್ಕವಾಗಿ ಹೋಯಿತು. ಆಮೇಲೆ ‘ಎಲ್ಲಾ’ ಎಂದಳು.

ಫೋಲ್ಡರಿನಲ್ಲಿ ಅಜ್ಜಿಯ ಫೈಲುಗಳೆಲ್ಲ ಖಾಲಿಯಾಗಿ, ಅಳತೆ ಸೊನ್ನೆಯಾಗಿದ್ದವು. ಕಂಪ್ಲಿಯಲ್ಲಿ ಭತ್ತ ಕುಟ್ಟಿದವಳು ಅಜ್ಜಿ, ಒನಕೆ ಬಿದ್ದಾಗಲೆಲ್ಲ ಸುವ್ವಿ ಅನ್ನುವವಳು. ಸುವ್ವಿಯಿಲ್ಲದ ಸಾಲೇ ಅವಳಲ್ಲಿರಲಿಲ್ಲ.

ಅನುಸೂಯಾ ಎಡಿಟರಿಗೆ ಮರಳಿದಳು. ಫೈಲು ಬದಲಾಗಿದೆ, ಹೊಸದನ್ನು ತೋರಿಸಲೇ ಎಂದು ಎಡಿಟರು ಕೇಳುತ್ತಿತ್ತು. ಹೂಂ ಅನ್ನಲು ಬೆರಳು ಹೋಗಿಯೇಬಿಟ್ಟಿತ್ತು. ಆ ಪ್ರಶ್ನೆಯ ಹಿಂದೆ ಹಳೆಯ ಅಕ್ಷರಗಳು ಇನ್ನೂ ಕಾಣುತ್ತಿದ್ದವು. ಬೆರಳು ಹಿಂದೆಗೆದು ಬೇಡವೆಂದಳು, ಕಾಣುತ್ತಿದ್ದ ಹಳೆಯ ಹಾಡನ್ನೇ ಫೈಲಿಗೆ ಮತ್ತೆ ಉಳಿಸಿದಳು. ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು. ಕಂಪ್ಯೂಟರು ಆರಿದರೆ, ಉಳಿಸದ ಹಾಡುಗಳ ಅಕ್ಷರಗಳೂ ಹೋಗುತ್ತವೆ.

ದೋಣಿಮಲೈ ಬಸ್ಸಿಳಿದು ಬಂದ ಅಣ್ಣ ದುರುಗೇಶ ಬಾಗಿಲಲ್ಲಿ ನಿಂತು ನಕ್ಕ. “ಲೇ, ಅದರ ಬ್ಯಾಟ್ರಿ ಚಾ ಕುದಿಯೋತನಾನೂ ನಿಲ್ಲಂಗಿಲ್ಲ.”

ಅವಳು ತಿರುಗಿ ನೋಡಲಿಲ್ಲ. ‘ಎಲ್ಲಾ’ ಎಂದು ಒಟ್ಟಿಗೆ ಉಳಿಸಲು ಧೈರ್ಯ ಬರಲಿಲ್ಲ. ಒಂದೊಂದನ್ನೇ ಮುಂದೆ ತಂದು, ಬೇಡ ಎಂದು, ಉಳಿಸುತ್ತ ಹೋದಳು. ಕೊನೆಗೆ ಹರಿಗೋಲಿನ ಹಾಡೊಂದು ಉಳಿದಿತ್ತು. ಅಜ್ಜಿಗೆ ಅದರ ಮೇಲೇ ಭಾಳ ಜೀವ. ಅದಕ್ಕೆ ಬೆರಳಿಡುವಾಗ ಪರದೆ ಕಪ್ಪಾಯಿತು.

ಕರೆಂಟು ಬಂದ ಮೇಲೆ ನೋಡಿದರೆ ಉಳಿದವೆಲ್ಲ ಇದ್ದವು. ಹರಿಗೋಲಿನದು ಸೊನ್ನೆ.

ಅವಳು ಮಂಚದ ಪಕ್ಕ ಕುಳಿತು ಆದದ್ದೆಲ್ಲ ಹೇಳಿದಳು. ಅಜ್ಜಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ನಾ ನೆನಪಿದ್ದಂಗ ಅಂತೀನಿ ಅಜ್ಜಿ. ತಪ್ಪಿದ್ರ ಕೈ ನಿಲ್ಸು.”

“ಹರಿಗೋಲು ತಿರುಗೀತ ಸುವ್ವಿ.” ಕೈ ಬಿತ್ತು. “ಹೊಳಿ ದಂಡಿ ಸಿಗವಲ್ದು ಸುವ್ವಿ.” ಬಿತ್ತು. ಮೂರನೆಯ ಸಾಲಿಗೆ ಕೈ ಗಾಳಿಯಲ್ಲೇ ನಿಂತಿತು. ಅನುಸೂಯಾ ಬೇರೆ ಮಾತು ಹುಡುಕಿ ಹೇಳಿದಳು, ಇಳಿಯಲಿಲ್ಲ. ಮತ್ತೊಂದು ಹೇಳಿದಳು. ಕೈ ಮೆಲ್ಲಗೆ ಬಂದು ಪಟ್ಟಿಗೆ ತಾಗಿತು. ದುರುಗೇಶ ನಗು ಬಿಟ್ಟು, ಕ್ಯಾಲೆಂಡರಿನ ಹಾಳೆ ಹರಿದು ಬರೆದುಕೊಂಡ.

ಕೈ ಮತ್ತೆ ಮೇಲೆದ್ದು ಮುಂದಿನ ಸಾಲಿಗೆ ಕಾಯುತ್ತಿತ್ತು. ದಣಿದ ಕೈ ತಪ್ಪು ಸಾಲಿಗೂ ಇಳಿದೀತೆಂದು ಅನುಸೂಯಾಳಿಗೆ ಬಾಯಿ ತೆರೆಯಲು ಹೆದರಿಕೆಯಾಯಿತು.