ಬದುಕದೆ ಬಿಟ್ಟ ವರ್ಷಗಳು

ಸ್ಪಿರಿಟ್ಟಿನ ವಾಸನೆ, ಮೂಗಿಗೆ ತಣ್ಣಗೆ ಚುಚ್ಚುವಂಥದ್ದು, ಆಸ್ಪತ್ರೆಗಳೆಲ್ಲ ಒಂದೇ ಥರ ನಾರುತ್ತವೆ, ಇಲ್ಲಿ ಕುರ್ಚಿ ಮಾತ್ರ ಮೆತ್ತಗಿದೆ — ಮೌಲ್ವಿಗಳು ಅಂಚಿಗೆ ಸರಿದು ಕೂತರು, ಪಕ್ಕದಲ್ಲಿ ಹೆಂಡತಿ, ಇಸ್ತ್ರಿ ಮಾಡಿದ ಬಟ್ಟೆ, ಎಪ್ಪತ್ತರ ಹತ್ತಿರದ ಮುಖದಲ್ಲಿ ಎಂಥ ಸಡಗರ, ಸೂಜಿ ಚುಚ್ಚಿಸಿಕೊಳ್ಳುವುದಕ್ಕೂ ಸಡಗರವೇ, ಮೈಯೊಳಗಿನ ಮುದಿ ಜೀವಕೋಶಗಳನ್ನು ಗುಡಿಸಿ ಹಾಕುತ್ತದಂತೆ ಈ ಮದ್ದು, ಇಲಿಗಳ ಆಯುಸ್ಸು ಹೆಚ್ಚಿತಂತೆ, ಈಗ ಮನುಷ್ಯರ ಸರದಿ, ಹತ್ತು ವರ್ಷ ಹೆಚ್ಚು ಸಿಗಬಹುದು, ಸಿಗದೆಯೂ ಇರಬಹುದು ಅಂದಿದ್ದಳು ಡಾಕ್ಟರಮ್ಮ, ಇವರ ಗಡ್ಡ ನೋಡಿ ಸಂಕೋಚಪಡುತ್ತ — ಹೋದ ಶುಕ್ರವಾರವಷ್ಟೇ ಮಸೀದಿಯಲ್ಲಿ ತಾವೇ ಗಂಟಲು ಹರಿಯುವ ಹಾಗೆ ಹೇಳಿದ್ದರಲ್ಲ, ಅಲ್ಲಾಹು ಗೊತ್ತು ಮಾಡಿದ ಗಳಿಗೆ ಹಿಂದಕ್ಕೂ ಸರಿಯದು ಮುಂದಕ್ಕೂ ಸರಿಯದು, ಮುಪ್ಪಿಗೆ ಮದ್ದು ಹುಡುಕುವುದು ಸೊಕ್ಕು, ಎಲ್ಲರೂ ತಲೆದೂಗಿದರು, ಮನೆಗೆ ಬಂದರೆ ಇವಳು ನೀರಿನ ಲೋಟ ಕೈಗಿಟ್ಟು, ರೀ, ಬಿಪಿ ಮಾತ್ರೆ ನುಂಗಿದ್ರಾ ಅಂದಳು, ನಗಲೂ ಇಲ್ಲ, ಅದು ಕಾಯಿಲೆಗೆ ಕಣೇ ಅಂದರೆ, ಗಳಿಗೆ ಗೊತ್ತು ಮಾಡಿದವನು ಈ ಸೂಜೀನೂ ಸೇರಿಸಿಯೇ ಗೊತ್ತು ಮಾಡಿದ್ರೆ, ಅವನಿಗೆ ತಿಳೀದೆ ಯಾರಾದ್ರೂ ಮದ್ದು ಕಂಡುಹಿಡಿಯೋಕಾಗುತ್ತಾ ಅಂದಳು — ಮದುವೆಯಾದ ಹೊಸತರಲ್ಲಿ ಇದನ್ನು ಅವಳಿಗೆ ಹೇಳಿಕೊಟ್ಟದ್ದು ಇವರೇ, ಅವನಿಗೆ ತಿಳಿಯದೆ ಒಂದು ಎಲೆಯೂ ಉದುರದು ಅಂತ.

ಅದಕ್ಕೇ ಸಿಟ್ಟು ಬಂತೇನೋ, ಆಡಬಾರದ ಮಾತು ಆಡಿಬಿಟ್ಟರು, ಮಗ ಅಲ್ಲಿ ಕಾಯ್ತಿದ್ದಾನೆ, ಮರೆತುಬಿಟ್ಟೆಯಾ — ಎರಡು ವರ್ಷದ ಕೂಸು, ಜ್ವರ ಬಂದು ತೀರಿಹೋದದ್ದು, ಜನ್ನತ್ತಿನ ಬಾಗಿಲಲ್ಲಿ ಅಪ್ಪ ಅಮ್ಮನಿಗಾಗಿ ನಿಂತಿರ್ತಾನೆ ಅಂತ ಇವಳ ತಲೆ ಸವರುತ್ತಿದ್ದರು, ಗೋಡೆಗೆ ಮುಖ ಮಾಡಿ ಮಲಗಿದವಳು ವರ್ಷಗಟ್ಟಲೆ ಏಳಲಿಲ್ಲ, ಎದ್ದರೂ ಏಳಲಿಲ್ಲ — ಮರೆಯೋದಾ, ಅಂದಳು, ಮೆಲ್ಲಗೆ, ಅವನ ಹಿಂದೇನೇ ಹೋಗ್ಬೇಕು ಅಂತ ಎಷ್ಟು ವರ್ಷ ಬದುಕದೆ ಬಿಟ್ಟೆ, ಹೊರಗೆ ಬಿಸಿಲಿತ್ತೋ ಮೋಡವಿತ್ತೋ ನೋಡಲಿಲ್ಲ, ದೇವರು ಕೊಟ್ಟ ವರ್ಷಗಳನ್ನ ಮುಟ್ಟದೆ ಪಕ್ಕಕ್ಕಿಟ್ಟೆ, ಈಗ ಇನ್ನೊಂದಿಷ್ಟು ತಗೋ ಅಂದ್ರೆ ಬೇಡ ಅನ್ನಲಾ, ಕೂಸಿಗೆ ಬೇಜಾರಾಗಲ್ಲ ರೀ, ಅಲ್ಲಿ ಹೊತ್ತು ಅನ್ನೋದೇ ಇಲ್ಲ ಅಂತ ನೀವೇ ಹೇಳಿದ್ದು — ಹೌದು, ನಾನೇ, ಹಾಗಾದರೆ ಕಾಯಲಾರದವರು ಯಾರು, ಕೂಸಲ್ಲ, ನಾನು, ನಾನು ಮೊದಲು ಹೋಗಿ, ಇವಳಿಲ್ಲಿ ನಾನಿಲ್ಲದೆ ಬಿಸಿಲು ಕಾಯಿಸುತ್ತ, ನಗುತ್ತ — ಛೆ, ಈ ಹೆದರಿಕೆಗೆ ದೀನು, ಧರ್ಮ ಅಂತ ಹೆಸರಿಟ್ಟು ಕೂಗಾಡಿದೆನೇ. ನರ್ಸ್ ಬಾಗಿಲಿಗೆ ಬಂದಳು, ಬನ್ನಿ ಅಮ್ಮಾ, ಯಜಮಾನ್ರೂ ಬರ್ತೀರಾ, ಬರೋದಿಲ್ಲ ಅನ್ನಬೇಕೆಂದಿದ್ದರು, ಕಾಲು ತಾನಾಗಿಯೇ ಎದ್ದಿತು, ಒಳಗೆ ಕಣ್ಣು ಕೋರೈಸುವ ಬೆಳಕು, ಇವಳ ಬತ್ತಿದ ತೋಳು, ಹತ್ತಿ ಒರೆಸಿದ ಕಡೆ ಹಸಿ ಹೊಳಪು, ಡಾಕ್ಟರನ್ನು ನೋಡದೆ ಇವರನ್ನೇ ನೋಡುತ್ತಿದ್ದಾಳೆ, ಬೇಡ ಅಂದರೆ ಈಗಲೂ ಎದ್ದು ಬಂದಾಳು, ಅದು ಗೊತ್ತು, ಅದೇ ಭಯ — ಬಿಸ್ಮಿಲ್ಲಾ, ಅಂದರು ಮೌಲ್ವಿಗಳು, ಕೋಣೆಗೆಲ್ಲ ಕೇಳುವ ಹಾಗೆ, ಅವಳ ಇನ್ನೊಂದು ಕೈ ಹಿಡಿದುಕೊಂಡರು, ಬೆಚ್ಚಗಿದೆ, ಶುಕ್ರವಾರ ಜನಕ್ಕೆ ಏನು ಹೇಳಲಿ, ಸೂಜಿ ಮೇಲೆದ್ದಿತು, ತುದಿಯಲ್ಲಿ ಒಂದು ಹನಿ, ಏನಾದರೂ ಹೇಳಿಯೇನು, ಆ ಹನಿ, ಅವನು ಬರೆದ ಆಯುಸ್ಸು ಎಷ್ಟೋ, ಯಾರಿಗೆ ಎಷ್ಟೋ, ಹನಿ ನಡುಗುತ್ತಿದೆ, ಬೀಳುತ್ತಿಲ್ಲ, ಹನಿ —