ಮಸುಕು ಬೆಸುಗೆ

ಕಾರಿನ ಉದ್ದ ಎರಡು ಗೇಣಿಗೆ ಸ್ವಲ್ಪ ಕಡಿಮೆ, ತೂಕ ಒಂದು ಕಿಲೋ ಮುನ್ನೂರೈವತ್ತು ಗ್ರಾಂ. ಅದರೊಳಗೆ ಮೋಟಾರು, ಬ್ಯಾಟರಿ, ಮುಂದಿನ ಚಕ್ರ ತಿರುಗಿಸುವ ಸರ್ವೊ, ವೇಗದ ಕಂಟ್ರೋಲರು, ರಿಮೋಟಿನ ಸಂಕೇತ ಹಿಡಿಯುವ ರಿಸೀವರು, ಸುತ್ತು ಎಣಿಸುವ ಚಿಪ್, ಇಷ್ಟನ್ನೂ ಕೂರಿಸಿ ಇವುಗಳ ನಡುವೆ ಒಂಬತ್ತು ತಂತಿ ಎಳೆಯಬೇಕು. ರಿಮೋಟು ಕಾರು ಓಡಿಸುವವರ ಕ್ಲಬ್ಬಿನಲ್ಲಿ ಎಲ್ಲರೂ ಎಳೆಯುತ್ತಿದ್ದರು. ಒಬ್ಬನು ಎಳೆದದ್ದು ಮಾತ್ರ ಬೇರೆಯಾಗಿ ಕಾಣುತ್ತಿತ್ತು. ಅವನ ಕಾರಿನಲ್ಲಿ ಮೋಟಾರಿನ ಮೂರು ದಪ್ಪ ತಂತಿಗಳು ಒಂದೇ ಅಳತೆಯವು, ಒಂದೇ ಬಾಗಿನವು. ಸಣ್ಣ ತಂತಿಗಳು ಹುರಿಗೊಂಡು ಅಂಚಿಗೆ ಒರಗಿ ಹೋಗುತ್ತಿದ್ದವು. ಯಾವುದೂ ಗಿಯರಿನ ಹತ್ತಿರ ಸುಳಿಯುತ್ತಿರಲಿಲ್ಲ, ಯಾವುದೂ ಬಿಗಿದು ಜಗ್ಗುತ್ತಿರಲಿಲ್ಲ. ಇಸ್ತ್ರಿ ಹಾಕಿದ ಹಾಗಿದೆ ಎಂದು ಯಾರೋ ಒಮ್ಮೆ ಅಂದದ್ದೇ ಅವನ ಹೆಸರಾಯಿತು. ಏಳು ವರ್ಷದಿಂದ ಅಲ್ಲಿ ಅವನು ಇಸ್ತ್ರಿ.

ವಾರದ ಆರು ದಿನ ಇಸ್ತ್ರಿ ಶ್ರವಣಯಂತ್ರ ರಿಪೇರಿಯ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಕಡಲೆಕಾಳಿನಷ್ಟು ಯಂತ್ರ, ಕೂದಲಿನಂಥ ತಂತಿ, ಭೂತಗನ್ನಡಿ. ಸರಿಪಡಿಸಿದ್ದನ್ನು ಗಿರಾಕಿಯ ಕಿವಿಗಿಟ್ಟು ಈಗ ಕೇಳಿಸ್ತಾ ಎಂದು ಕೇಳುವುದು ಅವನ ಪಾಲಿನ ಮಾತು. ಕೇಳಿಸಿದವರು ಮನೆಯವರ ಕಡೆ ತಿರುಗಿ ಮಾತಾಡುತ್ತ ಎದ್ದು ಹೋಗುತ್ತಿದ್ದರು. ಕೇಳಿಸದವರು ಇನ್ನಷ್ಟು ಹೊತ್ತು ಅವನ ಎದುರು ಕೂರುತ್ತಿದ್ದರು. ವಯಸ್ಸು ನಲವತ್ತಾರು, ಮದುವೆಯಾಗಿರಲಿಲ್ಲ. ಅಮ್ಮ ತೀರಿಕೊಂಡು ನಾಲ್ಕು ವರ್ಷ. ಅವಳ ಕೋಣೆಯಲ್ಲಿ ಈಗ ಟೈರಿನ ಡಬ್ಬಿಗಳಿದ್ದವು. ಬುಧವಾರ ಸಂಜೆ ಅಕ್ಕ ಫೋನು ಮಾಡಿ, ಊಟ ಆಯ್ತಾ ಎಂದು ಕೇಳಿ, ಆಯ್ತು ಎಂದ ಮೇಲೆ ಇನ್ನೇನು ಎಂದು ಕೇಳಿ, ಇನ್ನೇನಿಲ್ಲ ಎಂದ ಮೇಲೆ ಇಡುತ್ತಿದ್ದಳು.

ಹಾಗಾಗಿ ಅವನ ವಾರದ ಮಾತೆಲ್ಲ ಬಂದು ಸೇರುತ್ತಿದ್ದದ್ದು ಭಾನುವಾರ, ದೊಡ್ಡಪ್ಪನ ಹತ್ತಿರ.

ದೊಡ್ಡಪ್ಪ ನಿವೃತ್ತ ಬಸ್ ಡ್ರೈವರು. ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹಿರಿಯನಾದ್ದರಿಂದ ಎಲ್ಲರಿಗೂ ದೊಡ್ಡಪ್ಪ. ಹಿಂದೆ ಮೇಜು ಕುರ್ಚಿಗಳ ಗೋದಾಮಾಗಿದ್ದ ಹಾಲಿನಲ್ಲಿ, ಕಾರ್ಪೆಟ್ ಹಾಸಿದ ಟ್ರ್ಯಾಕಿನ ಪಕ್ಕ, ಗೋಡೆಗೆ ತಾಗಿದ ಕೊನೆಯ ಮೇಜು ಇವರಿಬ್ಬರದು. ಬಂದವನೇ ದೊಡ್ಡಪ್ಪ ಫ್ಲಾಸ್ಕಿನಿಂದ ಎರಡು ಲೋಟ ಚಹಾ ಬಗ್ಗಿಸಿ ಶುರುಮಾಡುತ್ತಿದ್ದ. ಸೊಸೆ ಟಿವಿಯ ಸದ್ದು ಏರಿಸಿದ್ದು, ಒಂದು ಮದುವೆಯ ದಿಬ್ಬಣದವರು ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ ಮದುಮಗನನ್ನು ಬಿಟ್ಟು ಬಸ್ಸಿಳಿದು ಹೋದದ್ದು. ಕೊನೆಗೆ ಯಾವಾಗಲೂ ಅದೇ ಮಾತು: "ಮೂವತ್ತೊಂದು ವರ್ಷ ಬಸ್ಸು ಓಡಿಸ್ದೆ, ಒಂದೇ ಒಂದು ಸಲ ಮಗುಚಿಲ್ಲ. ಈ ಚೋಟುದ್ದದ್ದು ಭಾನುವಾರಕ್ಕೆ ನಾಲ್ಕು ಸಲ ಮಗುಚುತ್ತೆ ನೋಡು."

ಮಗುಚಿದರೆ ಎತ್ತಿಡುವವನು ಇಸ್ತ್ರಿ. ಕ್ಲಬ್ಬಿನ ನಿಯಮ ಹಾಗೆ. ಒಂದು ಗುಂಪು ತನ್ನ ಐದು ನಿಮಿಷದ ಓಟ ಮುಗಿಸಿದ ಮೇಲೆ, ಮುಂದಿನ ಗುಂಪಿನ ಓಟಕ್ಕೆ ತಿರುವುಗಳಲ್ಲಿ ನಿಂತು ಬಿದ್ದ ಕಾರುಗಳನ್ನು ನೆಟ್ಟಗೆ ಮಾಡಬೇಕು. ಇಸ್ತ್ರಿ ಒಂದನೇ ಗುಂಪಿನವನು, ದೊಡ್ಡಪ್ಪ ಎರಡನೆಯದರವನು. ದೊಡ್ಡಪ್ಪನ ಕಾರು ಬಿದ್ದಾಗಲೆಲ್ಲ ಇಸ್ತ್ರಿ ಓಡುತ್ತಿದ್ದ. ಆಮೇಲೆ ಮೂರನೇ ಗುಂಪಿಗೆ ದೊಡ್ಡಪ್ಪ ಹೋಗಿ ನಿಲ್ಲುತ್ತಿದ್ದ.

ಎರಡು ತಿಂಗಳಿಂದ ದೊಡ್ಡಪ್ಪನ ಕಾರು ತೊದಲುತ್ತಿತ್ತು. ಹೊರಡುವಾಗ ಗಡಗಡ ನಡುಗಿ, ನಾಲ್ಕು ಸುತ್ತು ಹೋಗಿ ನಿಂತುಬಿಡುತ್ತಿತ್ತು. ದೊಡ್ಡಪ್ಪ ಮೋಟಾರಿಗೆ ಬೈದ, ಹೊಸ ಮೋಟಾರು ತಂದ, ಅದಕ್ಕೂ ಬೈದ. ಇಸ್ತ್ರಿಗೆ ಕಾರಣ ಮೊದಲ ದಿನವೇ ಕಂಡಿತ್ತು. ಬೆಸುಗೆ ಗಟ್ಟಿಯಾಗುವ ಎರಡು ಮೂರು ಸೆಕೆಂಡು ತಂತಿ ಅಲ್ಲಾಡಬಾರದು. ಅಲ್ಲಾಡದಿದ್ದರೆ ಬೆಸುಗೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಅಲ್ಲಾಡಿದರೆ ಮಸುಕಾಗಿ, ತರಿತರಿಯಾಗಿ, ಒಳಗೇ ಬಿರುಕು ಬಿಡುತ್ತದೆ. ದೊಡ್ಡಪ್ಪನ ಮೋಟಾರಿನ ಮೂರೂ ಬೆಸುಗೆ ಮಸುಕಾಗಿದ್ದವು. ದೊಡ್ಡಪ್ಪ ಈಚೆಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ, ಚಹಾ ಅರ್ಧವೇ ಬಗ್ಗಿಸುತ್ತಿದ್ದ, ಬಲಗೈಯನ್ನು ಮೇಜಿನ ಕೆಳಗಿಟ್ಟುಕೊಂಡು ಮಾತಾಡುತ್ತಿದ್ದ.

ಕೊಡಿ, ನಾನು ಹಾಕಿಕೊಡ್ತೀನಿ ಎಂದು ಇಸ್ತ್ರಿ ಒಮ್ಮೆ ಹೇಳಿ ನೋಡಿದ್ದ. ತನ್ನ ಗಾಡಿಗೆ ತಾನೇ ಬೆಸುಗೆ ಹಾಕಲಾರದವನು ಮನೆಯಲ್ಲಿ ಕೂತು ಟಿವಿ ನೋಡಬೇಕು ಎಂದು ದೊಡ್ಡಪ್ಪ ಆ ಮಾತಿಗೆ ಅಲ್ಲೇ ಬೀಗ ಹಾಕಿದ್ದ. ಅದಾದ ಮುಂದಿನ ಭಾನುವಾರ, ಮೊದಲ ಓಟದ ಎರಡನೇ ಸುತ್ತಿಗೇ ಕಾರು ನಿಂತಿತು. ಅದನ್ನು ತಂದು, ಮೇಲಿನ ಬಾಡಿ ತೆಗೆದು ಮೇಜಿನ ಮೇಲಿಟ್ಟು ದೊಡ್ಡಪ್ಪ ನಗದೆ ಹೇಳಿದ: "ಇವತ್ತು ಇನ್ನೊಂದು ಓಟ ಇದೆಯಲ್ಲ, ಅದ್ರಲ್ಲೂ ಹೀಗೇ ಆದ್ರೆ ಮಾರಿಬಿಡ್ತೀನಿ. ಸಾಕು." ಹೇಳಿ, ಮೂರನೇ ಗುಂಪಿಗೆ ನಿಲ್ಲಲು ಹೋದ.

ಸಿದ್ಧತೆಯೂ ಸೇರಿ ಒಂದು ಓಟಕ್ಕೆ ಎಂಟು ನಿಮಿಷ. ಇಸ್ತ್ರಿ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದ. ಬೆಸುಗೆ ಕಡ್ಡಿಯನ್ನು ನಾನೂರು ಡಿಗ್ರಿಗಿಟ್ಟ. ಮಧ್ಯದ ತಂತಿಯೊಂದನ್ನೇ ಸರಿಮಾಡುವುದು ಅವನ ಎಣಿಕೆ. ಅದೊಂದು ಹೊಳೆದು ಅಕ್ಕಪಕ್ಕದ ಎರಡು ಮಸುಕಾಗಿದ್ದರೆ ಗೊತ್ತಾಗುತ್ತದೆ ಎಂದು ಮೂರನ್ನೂ ಬಿಚ್ಚಿದ. ಬಿಚ್ಚಿದ ಮೇಲೆ ಮೂರೂ ಮೂರು ಅಳತೆಯಲ್ಲಿದ್ದದ್ದು ಕಣ್ಣಿಗೆ ಚುಚ್ಚಿತು. ಕತ್ತರಿಸಿ ಸಮ ಮಾಡಿದ. ಬೆಸೆದ. ಬಿಸಿಗೆ ಕುಗ್ಗುವ ಕರಿ ಕೊಳವೆ ತೊಡಿಸಿದ. ಮೂರನ್ನೂ ಒಂದೇ ಬಾಗಿಗೆ ತಂದ. ದೊಡ್ಡಪ್ಪ ವಾಪಸು ಬರುವಾಗ ಅವನು ತನ್ನ ಕಾರಿನ ಟೈರು ಒರೆಸುತ್ತಿದ್ದ.

ದೊಡ್ಡಪ್ಪ ಕಾರನ್ನು ನೋಡಿದ. ಬಾಡಿ ಮುಚ್ಚಿದ. ಎರಡನೇ ಓಟಕ್ಕೆ ಮುಂಚೆ ಕಾರುಗಳೆಲ್ಲ ತೂಕದ ಮೇಜಿಗೆ ಹೋಗಬೇಕಿತ್ತು. ತೂಕದವನು ಬಾಡಿ ಎತ್ತಿ ಒಳಗೆ ನೋಡಿ, ತೂಗಿ, ಬ್ಯಾಟರಿ ಅಳೆದು ಬಿಡುತ್ತಿದ್ದ. ಒಂದನೇ ಗುಂಪಿನದು ಮೊದಲು ಮುಗಿದದ್ದರಿಂದ ಇಸ್ತ್ರಿ ಟ್ರ್ಯಾಕಿಗೆ ಹೋಗಿಬಿಟ್ಟಿದ್ದ. ಆ ಓಟದಲ್ಲಿ ದೊಡ್ಡಪ್ಪನ ಕಾರು ಐದು ನಿಮಿಷವೂ ಓಡಿತು. ಹತ್ತೊಂಬತ್ತು ಸುತ್ತು. ಎರಡು ಸಲ ಮಗುಚಿತು, ಎರಡು ಸಲವೂ ಇಸ್ತ್ರಿ ಎತ್ತಿಟ್ಟ. ಓಟ ಮುಗಿದ ಮೇಲೆ ದೊಡ್ಡಪ್ಪ ಪೆಟ್ಟಿಗೆ ತುಂಬಿ, ಫ್ಲಾಸ್ಕು ಕಂಕುಳಿಗೆ ಸಿಕ್ಕಿಸಿ, ಬರ್ತೀನಿ ಎಂದೂ ಹೇಳದೆ ಹೋದ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ಇಸ್ತ್ರಿ ಎಂದಿನ ಹೊತ್ತಿಗೆ ಬಂದು, ಮೇಜಿನ ತನ್ನ ಅರ್ಧದಲ್ಲಷ್ಟೇ ಸಾಮಾನು ಹರಡುತ್ತಿದ್ದ. ಹೊಸಬನೊಬ್ಬ ಈ ಜಾಗ ಖಾಲಿ ಇದೆಯಾ ಎಂದು ಕೇಳಿದಾಗ ಇಲ್ಲ, ಬರ್ತಾರೆ ಎಂದ. ಎರಡನೇ ಗುಂಪಿನ ಓಟಕ್ಕೆ ತನ್ನ ತಿರುವಿನಲ್ಲಿ ನಿಂತ. ಐದು ನಿಮಿಷದಲ್ಲಿ ಅಲ್ಲಿ ಒಂದು ಕಾರೂ ಬೀಳಲಿಲ್ಲ. ಸುಮ್ಮನೆ ನಿಲ್ಲಲು ಐದು ನಿಮಿಷ ಬಹಳ ಉದ್ದ.

ತೂಕದವನ ಹತ್ತಿರ ಎಲ್ಲರ ಫೋನ್ ನಂಬರಿನ ಪಟ್ಟಿ ಇತ್ತು. ದೊಡ್ಡಪ್ಪನದನ್ನು ಬರೆದುಕೊಂಡು ಹೋಗಿ, ನಾಲ್ಕು ದಿನ ಬಿಟ್ಟು ಇಸ್ತ್ರಿ ಮಾಡಿದ. ಎತ್ತಿದ್ದು ಸೊಸೆ. ಹಿಂದೆ ಟಿವಿ ಜೋರಾಗಿತ್ತು. ಯಾರು ಎಂದಳು, ಇಸ್ತ್ರಿ ಎಂದ. ಬೇಡ, ನಾವು ಮನೆಯಲ್ಲೇ ಹಾಕಿಕೊಳ್ತೀವಿ ಎಂದು ಇಟ್ಟುಬಿಟ್ಟಳು. ಅವನು ಮತ್ತೆ ಮಾಡಲಿಲ್ಲ. ತಪ್ಪು ಯಾವುದೆಂದು ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ದೊಡ್ಡಪ್ಪನ ಕೈಯ ಮಾತೂ ಬಂದೇ ಬರುತ್ತಿತ್ತು.

ಮೂರನೇ ಭಾನುವಾರ ಇಸ್ತ್ರಿ ಹಾಲಿಗೆ ಬಂದಾಗ ಕೊನೆಯ ಮೇಜಿನ ಮೇಲೆ ಎರಡು ಲೋಟಗಳಿದ್ದವು, ಎರಡರಲ್ಲೂ ಅರ್ಧ ಅರ್ಧ ಚಹಾ. ದೊಡ್ಡಪ್ಪನ ಕಾರು ತೆರೆದಿತ್ತು. ಇಸ್ತ್ರಿ ಹಾಕಿದ್ದ ಮೂರು ಬೆಸುಗೆಗಳು ಇರಲಿಲ್ಲ. ಆ ಜಾಗದಲ್ಲಿ ಮೂರು ಮಸುಕು ಉಂಡೆಗಳಿದ್ದವು. ಒಂದು ತಂತಿಯ ಸಿಪ್ಪೆ ಸುಟ್ಟಿತ್ತು.

"ನಿಂದೆಲ್ಲ ಬಿಚ್ಚಿ ನಾನೇ ಹಾಕ್ದೆ," ದೊಡ್ಡಪ್ಪ ಟ್ರ್ಯಾಕಿನ ಕಡೆ ನೋಡುತ್ತ ಹೇಳಿದ. "ಮೂರು ವಾರ ಹಿಡೀತು. ಓಡಲ್ಲ."

ಇಸ್ತ್ರಿ ಲೋಟ ತೆಗೆದುಕೊಂಡ.

"ಆವತ್ತು ತೂಕದವನು ಬಾಡಿ ಎತ್ತಿ ನೋಡಿ ಏನಂದ ಗೊತ್ತಾ? ಏನ್ ದೊಡ್ಡಪ್ಪ, ಗಾಡೀನ ಇಸ್ತ್ರಿಗೆ ಕೊಟ್ಟಿದ್ರಾ, ಅಂದ. ಹತ್ತು ಜನ ನಿಂತಿದ್ರು. ಎಲ್ರೂ ನಕ್ಕರು. ನಾನೂ ನಕ್ಕೆ."

"ತಪ್ಪಾಯ್ತು."

"ತಪ್ಪೇನು ಬಂತು, ಗಾಡಿ ಓಡ್ತು." ದೊಡ್ಡಪ್ಪ ಕಾರನ್ನು ತನ್ನ ಕಡೆ ತಿರುಗಿಸಿಕೊಂಡ. "ಕೆಟ್ಟದಾಗಿ ಹಾಕೋಕೆ ಬರಲ್ವಾ ನಿಂಗೆ?"

"ಗೊತ್ತಿಲ್ಲ. ಯಾವತ್ತೂ ಹಾಕಿಲ್ಲ."

"ಕಲಿ ಮತ್ತೆ."

ಅಷ್ಟು ಹೇಳಿ ದೊಡ್ಡಪ್ಪ ಸೊಸೆಯ ಟಿವಿಯ ವಿಷಯಕ್ಕೆ ಹೋದ.

ಆ ವಾರ ಪ್ರತಿ ಸಂಜೆ ಇಸ್ತ್ರಿ ತುಂಡು ತಂತಿಗಳ ಮೇಲೆ ಅಭ್ಯಾಸ ಮಾಡಿದ. ಸುಲಭವಾಗಿರಲಿಲ್ಲ. ಬೇಕೆಂದೇ ಕೈ ಅಲ್ಲಾಡಿಸಿದರೆ ಬೆಸುಗೆ ನಿಜವಾಗಿಯೇ ಕೆಡುತ್ತಿತ್ತು, ಎಳೆದರೆ ಕಿತ್ತು ಬರುತ್ತಿತ್ತು. ಅಲ್ಲಾಡಿಸದಿದ್ದರೆ ಹೊಳೆಯುತ್ತಿತ್ತು. ಮಂಗಳವಾರ ಅಂಗಡಿಯಲ್ಲಿ ಒಂದು ಶ್ರವಣಯಂತ್ರದ ಮೇಲೆ ಬಗ್ಗಿದ್ದಾಗ ಉಪಾಯ ಎದುರಿಗೇ ಇತ್ತು. ಅಲ್ಲಿ ಬಳಸುವುದು ಸೀಸ ಬೆರೆಸದ ಬೆಸುಗೆ. ಅದಕ್ಕೆ ಶಾಖ ಮೂವತ್ತು ನಲವತ್ತು ಡಿಗ್ರಿ ಜಾಸ್ತಿ ಬೇಕು. ಎಷ್ಟು ಚೆನ್ನಾಗಿ ಹಾಕಿದರೂ ಅದು ಸೀಸದ್ದರ ಹಾಗೆ ಹೊಳೆಯುವುದಿಲ್ಲ. ಒಳಗೆ ಗಟ್ಟಿ, ಮೇಲೆ ಮಸುಕು. ಸಂಜೆ ಅದೇ ಬಗೆಯದೊಂದು ಸುರುಳಿ ಕೊಂಡು ಮನೆಗೆ ತಂದ. ಬುಧವಾರ ಅಕ್ಕ ಇನ್ನೇನು ಎಂದಾಗ, ಕೆಟ್ಟ ಬೆಸುಗೆ ಹಾಕೋದು ಕಲೀತಿದ್ದೀನಿ ಎಂದ. ಊಟ ಸರಿಯಾಗಿ ಮಾಡ್ತಿದ್ದೀಯ ತಾನೇ ಎಂದು ಅಕ್ಕ ಮತ್ತೆ ಕೇಳಿದಳು.

ಭಾನುವಾರ ಮೊದಲ ಓಟದಲ್ಲಿ ದೊಡ್ಡಪ್ಪನ ಕಾರು ಮೂರು ಸುತ್ತಿಗೆ ನಿಂತಿತು. ದೊಡ್ಡಪ್ಪ ಅದನ್ನು ತಂದು, ಬಾಡಿ ತೆಗೆದು, ಮೇಜಿನ ನಡುವಿಗೆ, ನಡುವಿಗಿಂತ ಒಂದು ಬೆರಳು ಇಸ್ತ್ರಿಯ ಕಡೆಗೆ ಇಟ್ಟು, ಮೂರನೇ ಗುಂಪಿಗೆ ನಿಲ್ಲಲು ಹೋದ.

ಇಸ್ತ್ರಿ ತಂತಿಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿದ. ಕೈ ತಾನಾಗಿ ಸಮಕ್ಕೆ ಹೋಗುತ್ತಿತ್ತು, ಎರಡು ಸಲ ತಡೆದು ಹಿಡಿದ. ಹೊಸ ಸುರುಳಿಯಿಂದ ಮೂರು ಬೆಸುಗೆ ಹಾಕಿ, ಒಂದೊಂದನ್ನೂ ಎಳೆದು ನೋಡಿದ. ಕೊಳವೆಯ ಬದಲು ಕರಿ ಟೇಪು ಸುತ್ತಿ, ತುದಿಯನ್ನು ಹಾಗೇ ಬಿಟ್ಟ. ಏಳು ವರ್ಷದಲ್ಲಿ ಅವನ ಕೈಯಿಂದ ಇಂಥದ್ದು ಹೊರಬಿದ್ದಿರಲಿಲ್ಲ. ಕಣ್ಣಿಟ್ಟು ನೋಡಲು ಆಗಲಿಲ್ಲ.

ದೊಡ್ಡಪ್ಪ ಬಂದು ಕನ್ನಡಕ ಹಾಕಿಕೊಂಡು ಬಗ್ಗಿದ. "ಮಧ್ಯದ್ದು ಇನ್ನೂ ನೆಟ್ಟಗಿದೆ," ಎಂದ. ಮೇಜಿನ ಕೆಳಗಿದ್ದ ಬಲಗೈಯನ್ನು ಮೇಲೆ ತಂದು, ಹೆಬ್ಬೆರಳಿನಿಂದ ಆ ತಂತಿಯನ್ನು ಒತ್ತಿ ಸೊಟ್ಟ ಮಾಡಿದ. ಹೆಬ್ಬೆರಳು ತಂತಿಯ ಮೇಲೆ ನಡುಗುತ್ತಿತ್ತು. ಅದನ್ನು ಅಲ್ಲೇ ಸ್ವಲ್ಪ ಹೊತ್ತು ಬಿಟ್ಟ. ಇಸ್ತ್ರಿ ಬೆಸುಗೆ ಕಡ್ಡಿಯನ್ನು ಅದರ ಸ್ಟ್ಯಾಂಡಿನಲ್ಲಿಟ್ಟ.

ತೂಕದ ಮೇಜಿನ ಹತ್ತಿರ ಈ ಸಲ ಇಸ್ತ್ರಿ ತನ್ನ ಕಾರು ತೂಗಿಸಿದ ಮೇಲೂ ನಿಂತ. ತೂಕದವನು ದೊಡ್ಡಪ್ಪನ ಕಾರಿನ ಬಾಡಿ ಎತ್ತಿ, ಮುಖ ಹಿಂಡಿ, ಇದೇನಿದು ದೊಡ್ಡಪ್ಪ, ಇಲಿ ಕಚ್ಚಿದ ಹಾಗಿದೆ, ಪಕ್ಕದಲ್ಲೇ ಕೂರ್ತಾರಲ್ಲ, ಇಸ್ತ್ರಿಯವರನ್ನ ನೋಡಿಯಾದರೂ ಕಲೀಬಾರದಾ ಎಂದ. ಸಾಲಿನಲ್ಲಿದ್ದವರು ನಕ್ಕರು.

"ನನ್ನ ಗಾಡಿ, ನನ್ನ ಕೈ," ದೊಡ್ಡಪ್ಪ ಹೇಳಿದ. "ನೀನು ತೂಕ ನೋಡಪ್ಪ."

ಇಸ್ತ್ರಿ ತನ್ನ ಕಾರು ಎತ್ತಿಕೊಂಡ. ತನ್ನ ಓಟ ಓಡಿ, ಆರನೆಯವನಾಗಿ ಮುಗಿಸಿ, ಹೋಗಿ ತಿರುವಿನಲ್ಲಿ ನಿಂತ. ಎರಡನೇ ಗುಂಪು ಹೊರಟಿತು. ದೊಡ್ಡಪ್ಪನ ಕಾರು ತೊದಲದೆ ಬಂತು, ತಿರುವಿಗೆ ಬೇಕಾದದ್ದಕ್ಕಿಂತ ಜೋರಾಗಿ ಬಂತು, ಅಂಚಿನ ಪೈಪಿಗೆ ಒಂದು ಚಕ್ರ ತಗುಲಿ ಮೇಲೆದ್ದಿತು. ಅದು ನೆಲಕ್ಕೆ ಬೀಳುವ ಮೊದಲೇ ಇಸ್ತ್ರಿ ಓಡುತ್ತಿದ್ದ.