ಎಡಕ್ಕೆ ಬಾಗಬೇಕಿದ್ದ ಹಳಿ

ನಾನು ಒಂದು ಹಳಿ. ರೈಲಿನದಲ್ಲ, ಅಷ್ಟು ದೊಡ್ಡ ಮಾತು ನನಗೆ ಬೇಡ. ದುಡ್ಡು ಕೊಟ್ಟು ಕಿರುಚುವ ಜನರನ್ನು ಹೊತ್ತು ತಿರುಗಬೇಕಿದ್ದ ರೋಲರ್ ಕೋಸ್ಟರಿನ ಹಳಿ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ಬುಧವಾರ ಬೆಳಿಗ್ಗೆ ಹುಟ್ಟಿದೆ. ಹುಟ್ಟಿದ ಅರ್ಧ ಗಂಟೆಗೇ ನಾನು ತಪ್ಪು ಎಂದು ಗೊತ್ತಾಯಿತು. ಕೆಲವರಿಗೆ ಇದು ತಿಳಿಯಲು ಒಂದು ಜನ್ಮವೇ ಬೇಕು, ನನಗೆ ಆ ಕಷ್ಟ ಬರಲಿಲ್ಲ.

ನನ್ನನ್ನು ಬಾಗಿಸಿದವನು ಮೌನೇಶಪ್ಪ ಕಮ್ಮಾರ. ಐವತ್ತೇಳು ವರ್ಷ, ಸಣ್ಣ ಮೈ, ದೊಡ್ಡ ಕೈ. ಪೈಪು ಬಾಗುವಾಗ ಸುಕ್ಕು ಬೀಳಬಾರದೆಂದು ಒಳಗೆ ಒಣ ಮರಳು ತುಂಬಿ, ಜಡಿದು, ಎರಡೂ ತುದಿಗೆ ಕಟ್ಟಿಗೆಯ ಬಿರಡೆ ಹಾಕಿ, ಆಮೇಲೆ ಬೆಂಕಿಗೆ ಒಡ್ಡುತ್ತಿದ್ದ. ಮರಳು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಬೆರಳಿನಿಂದ ತಟ್ಟಿ, ಸದ್ದು ಕೇಳಿ ಹೇಳುತ್ತಿದ್ದ. ಅವನಪ್ಪ ನವಲಗುಂದದ ಕಡೆ ಕುಡುಗೋಲು ಬಡಿಯುತ್ತಿದ್ದವನು. ತಾನು ಬಡಿದ ಪ್ರತಿ ಕುಡುಗೋಲಿನ ಬುಡಕ್ಕೂ ಮೂರು ಚುಕ್ಕಿ ಹೊಡೆಯುತ್ತಿದ್ದನಂತೆ. ಮಗನೂ ಅದೇ ರೂಢಿ ಇಟ್ಟುಕೊಂಡಿದ್ದ. ಬಾಗಿಸಿದ ಪೈಪು ಇನ್ನೂ ಕೆಂಪಗಿರುವಾಗಲೇ ಪಂಚು ಇಟ್ಟು ಸುತ್ತಿಗೆಯಿಂದ ಮೂರು ಏಟು. ಶೆಡ್ಡಿನಲ್ಲಿ ಮತ್ತಾರಿಗೂ ಆ ಗುರುತು ಇರಲಿಲ್ಲ.

ಒಂದು ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಡಗಣ್ಣಿಗೆ ಪೊರೆ ಪೂರಾ ಬಂದಿತ್ತು, ಬಲಗಣ್ಣಿಗೂ ಇಳಿಯತೊಡಗಿತ್ತು. ಆಪರೇಷನ್ ಮಾಡಿದರೆ ಸರಿಹೋಗುತ್ತದೆ, ಆದರೆ ಒಂದು ತಿಂಗಳು ಬೆಂಕಿಯ ಹತ್ತಿರ ಸುಳಿಯಬಾರದು ಎಂದಿದ್ದರು ಡಾಕ್ಟರು. ಒಂದು ತಿಂಗಳು ಬಿಟ್ಟರೆ ಆ ಜಾಗದಲ್ಲಿ ಬೇರೊಬ್ಬ ನಿಂತಿರುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಈ ಕೋಸ್ಟರಿನ ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದು ತಡೆದಿದ್ದ. ಅಲ್ಲಿಯವರೆಗೆ ಬೆರಳಿನಿಂದಲೇ ಸಾಗಿಸಿದರಾಯಿತು.

ಬುಧವಾರ ಬೆರಳು ಕೈಕೊಟ್ಟಿತು. ನನ್ನ ಒಂದು ತುದಿಯ ಬಿಲ್ಲೆಯ ಮೇಲೆ ಬಣ್ಣದಲ್ಲಿ ನಂಬರು ಬರೆದಿದ್ದರು: ಎಡ ಹದಿನೇಳು. ಯಾವ ಮಗ್ಗುಲು ಮೇಲೆ ಬರಬೇಕೆಂದು ನನ್ನ ಮೈಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿದ್ದರು. ಸೀಮೆಸುಣ್ಣ ಬೆರಳಿಗೆ ಸಿಗುವುದಿಲ್ಲ, ಅದನ್ನು ಕಣ್ಣೇ ನೋಡಬೇಕು. ಅವನು ಬಾಣವನ್ನು ತಿರುಗುಮುರುಗು ಕಂಡ. ಎಡಕ್ಕೆ ಬಾಗಬೇಕಿದ್ದ ನಾನು ಬಲಕ್ಕೆ ಬಾಗಿದೆ. ಎಂದಿನ ರೂಢಿಯಂತೆ ಮೂರು ಚುಕ್ಕಿ ಹೊಡೆದ. ಆಮೇಲೆ ನೆಲದ ಮೇಲಿನ ಅಚ್ಚಿಗೆ ನನ್ನನ್ನು ಕೂರಿಸಲು ಹೋದಾಗ ನಾನು ಅದಕ್ಕೆ ಬೆನ್ನು ಹಾಕಿ ಮಲಗಿದೆ, ಮಗುಚಿ ಹಾಕಿದರೆ ಬೋಲ್ಟಿನ ತೂತುಗಳು ಹೊಂದುತ್ತಿರಲಿಲ್ಲ. ಮೌನೇಶಪ್ಪ ನನ್ನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತ.

ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಹೆಚ್ಚುವರಿ ಇಟ್ಟಿದ್ದ ಪೈಪಿನಿಂದ ಸರಿಯಾದ ಇನ್ನೊಂದನ್ನು ಬಾಗಿಸಿದ. ಲೆಕ್ಕಕ್ಕೆ ಅದೇ ನಾನಾಯಿತು. ನನ್ನನ್ನು ಗುಜರಿಗೆ ಹಾಕುವಂತಿರಲಿಲ್ಲ, ಪ್ರತಿ ಶನಿವಾರ ಶೆಡ್ಡಿನ ಮ್ಯಾನೇಜರ್ ಗುಂಜಾಳ ನಿಂತು ಗುಜರಿ ನೋಡುತ್ತಿದ್ದ. ಹೀಗಾಗಿ ಒಳ್ಳೆಯ ಹಳಿಗಳ ಅಡಿಯಲ್ಲಿ ನನ್ನನ್ನೂ ಲಾರಿಗೆ ಏರಿಸಿದ.

"ದಸ್ತಗೀರ, ಇದನ್ನ ಅಲ್ಲೇ ಎಲ್ಲೆರೆ ಒಗದು ಬಾರಪಾ" ಎಂದ ಡ್ರೈವರನಿಗೆ. "ನನ್ನ ಮರ್ಯಾದಿ ಇದರಾಗ ಐತಿ."

ದಸ್ತಗೀರ ಲಾರಿ ಹೊರಡಿಸಿದ. ಧಾರವಾಡದ ದಾರಿಯಲ್ಲಿರುವ ಪಾರ್ಕಿಗೆ ಹೋಗಿ, ಹಿಂದಿನ ಗೋಡೆಯ ಪಕ್ಕದ ಜಾಲಿಗಿಡಗಳ ನಡುವೆ ನನ್ನನ್ನು ಉರುಳಿಸಿ ಬಂದ. ನನ್ನ ಕಥೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ಒಬ್ಬನೇ ಮನುಷ್ಯ ಅವನು.

ಪಾರ್ಕಿನವರು ಕೋಸ್ಟರ್ ಬರುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಕಂಬಗಳಿಗೆ ಗುಂಡಿ ತೋಡಿದ್ದರು, ಒಳ್ಳೆಯ ಹಳಿಗಳನ್ನೆಲ್ಲ ನೀಲಿ ತಾಡಪತ್ರಿ ಹೊದಿಸಿ ಮುಚ್ಚಿದ್ದರು. ಬಯಲಲ್ಲಿ ಬಿದ್ದವನು ನಾನೊಬ್ಬನೇ. ಹೀಗೆ ನಾನು ಉಲ್ಟಾಪಲ್ಟಾ ಬಳಗದ ಕಣ್ಣಿಗೆ ಬಿದ್ದೆ.

ಬಳಗದವರು ನಲವತ್ತು ಮಂದಿ. ದೇಶದಲ್ಲಿ ಎಲ್ಲಿ ಯಾವ ಕೋಸ್ಟರ್ ಎಷ್ಟು ಎತ್ತರದಿಂದ ಬೀಳುತ್ತದೆ ಎಂದು ಬಾಯಿಪಾಠ ಹೇಳುವವರು. ಅವರ ಮುಂದಾಳು ತನ್ಮಯಿ ಸವಣೂರ, ಹಲ್ಲಿನ ಡಾಕ್ಟರು. ಪ್ರತಿ ಭಾನುವಾರ ಗೋಡೆಯಾಚೆಯ ದಿಬ್ಬದ ಮೇಲೆ ಕ್ಯಾಮೆರಾ ನೆಟ್ಟು ನನ್ನ ಫೋಟೋ ತೆಗೆಯುತ್ತಿದ್ದರು. ನನ್ನ ನೆರಳನ್ನು ಅಳೆದು ನನ್ನ ಉದ್ದ ಕಂಡುಹಿಡಿದರು. ನಂಬರು ಬರೆದ ತುದಿ ಜಾಲಿಗಿಡದ ಮರೆಯಲ್ಲಿತ್ತು, ಡಾಕ್ಟರಮ್ಮ ಇನ್ನೊಂದು ತುದಿಯ ಬಿಲ್ಲೆಯ ಬೋಲ್ಟಿನ ತೂತುಗಳನ್ನು ದವಡೆಯ ಹಲ್ಲು ಎಣಿಸಿದ ಹಾಗೆ ಎಣಿಸಿದರು. ಗುಂಡಿಗಳೆಲ್ಲ ಎಡಕ್ಕೆ ಹೋಗುತ್ತವೆ, ಹಳಿ ಮಾತ್ರ ಬಲಕ್ಕೆ ಬಾಗಿದೆ, ಏಕೆ? ಹಳಿ ತಪ್ಪಿರಬಹುದು ಎಂದು ಒಬ್ಬನಿಗಾದರೂ ಹೊಳೆಯಬೇಕಲ್ಲ. ಇಲ್ಲ. ಅದು ನೆಲದೊಳಗೆ ಇಳಿದು ತಲೆಕೆಳಗಾಗಿ ಹಿಂದಕ್ಕೆ ಓಡುವ ಕೋಸ್ಟರ್ ಎಂದು ತೀರ್ಮಾನವಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಲ್ಲದೆ, ಕೂಸಿಗೆ ಎರಡು ತಲೆ ಎಂದು ಊರಿಗೆಲ್ಲ ಸಾರಿದರು. ವಿಡಿಯೋ ಲಕ್ಷಗಟ್ಟಲೆ ಜನ ನೋಡಿದರು. ನನಗೂ ಜಂಭ ಬಂತು, ಸುಳ್ಳೇಕೆ ಹೇಳಲಿ. ಹುಟ್ಟಿದಂದೇ ಬಿಸಾಡಿಸಿಕೊಂಡವನನ್ನು ಯಾರಾದರೂ ಚಮತ್ಕಾರ ಎಂದರೆ ಕೇಳಲು ಹಿತವಾಗಿರುತ್ತದೆ.

ಒಂದು ಭಾನುವಾರ ಡಾಕ್ಟರಮ್ಮನ ಕ್ಯಾಮೆರಾಕ್ಕೆ ನನ್ನ ಮೂರು ಚುಕ್ಕಿ ಸಿಕ್ಕವು. ಅದು ಯಾವುದೋ ವಿದೇಶಿ ಕಂಪನಿಯ ಗುಪ್ತ ಮುದ್ರೆ ಎಂದು ಬಳಗ ಕುಣಿದಾಡಿತು. ಚುಕ್ಕಿಗಳನ್ನು ಅಂಗೈಯಗಲ ದೊಡ್ಡದು ಮಾಡಿ ಎಲ್ಲೆಡೆ ಹಂಚಿದರು. ಆ ಫೋಟೋ ಮ್ಯಾನೇಜರ್ ಗುಂಜಾಳನ ಫೋನಿಗೂ ಬಂತು. ಅವನಿಗೆ ಯಾವ ವಿದೇಶವೂ ನೆನಪಾಗಲಿಲ್ಲ.

ಗುಂಜಾಳ ಒಂದು ವಾರ ಮೌನೇಶಪ್ಪನನ್ನು ಗಮನಿಸಿದ. ಒಂದು ದಿನ ನಕ್ಷೆಯನ್ನು ಬೇಕೆಂದೇ ತಲೆಕೆಳಗಾಗಿ ಕೈಗೆ ಕೊಟ್ಟು, ಇದು ಸರಿ ಇದೆಯೇ ಎಂದು ಕೇಳಿದ. ಮೌನೇಶಪ್ಪ ನೋಡಿ ಹೂಂ ಎಂದ. ಗುಂಜಾಳ ನಕ್ಷೆ ಮಡಚಿಕೊಂಡು ಹೋಗಿ ಪಾರ್ಕಿನ ಮಾಲೀಕನಿಗೆ ಎಲ್ಲ ಹೇಳಿದ.

ಮಾಲೀಕ ಆಗಲೇ ಕುದಿಯುತ್ತಿದ್ದ. ಅವನದು ಎರಡು ಏರು, ಒಂದು ಸುತ್ತಿನ ಸಾದಾ ಕೋಸ್ಟರು. ಊರವರು ನೆಲದೊಳಗೆ ಹೋಗುವ ಕೋಸ್ಟರನ್ನು ಕಾಯುತ್ತಿದ್ದರು. ಈ ಗಾಳಿಮಾತನ್ನು ಹೇಗಾದರೂ ಸಾಯಿಸಬೇಕಿತ್ತು, ತಪ್ಪನ್ನು ಹೊರಿಸಲು ಹದವಾದ ಆಳು ಸಿಕ್ಕಿದ್ದ.

ಕೋಸ್ಟರಿನ ಘೋಷಣೆಯ ದಿನ ಬಳಗದ ನಲವತ್ತೂ ಮಂದಿಯನ್ನು ಕರೆದರು. ಕೆಲಸಗಾರರಿಗೆ ಶಾಲು ಹೊದಿಸಿ ಸನ್ಮಾನ ಎಂದು ಹೇಳಿ ಮೌನೇಶಪ್ಪನನ್ನೂ ಕರೆಸಿದರು. ಅವನು ಬಿಳಿ ಅಂಗಿ ತೊಟ್ಟು, ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದ. ನನ್ನನ್ನು ವೇದಿಕೆಯ ಮೇಲೆ ತಂದು ಮಲಗಿಸಿದ್ದರು. ಅಂದು ಬೆಳಿಗ್ಗೆಯೇ ಗುಂಜಾಳ ನಿಂತು, ನನ್ನ ಬಿಲ್ಲೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ನಂಬರನ್ನು ಗ್ರೈಂಡರಿನಿಂದ ಪೂರ್ತಿ ಅಳಿಸಿಹಾಕಿಸಿದ್ದ.

ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. ಗುಂಜಾಳ ಮೌನೇಶಪ್ಪನ ಭುಜ ಹಿಡಿದು ನನ್ನಿಂದ ಎರಡು ಹೆಜ್ಜೆ ದೂರ ನಿಲ್ಲಿಸಿದ.

"ಇದು ನೀವ ಬಾಗಿಸಿದ್ದಲ್ರಿ ಮೌನೇಶಪ್ಪ? ನಂಬರ ಎಷ್ಟೈತಿ, ಎಲ್ಲಾರಿಗೂ ಕೇಳೂ ಹಂಗ ಓದ್ರಿ" ಎಂದು ಮೈಕು ಮುಂದೆ ಹಿಡಿದ.

ನನಗೆ ಬಾಯಿದ್ದಿದ್ದರೆ ಅಂದು ಕೂಗುತ್ತಿದ್ದೆ. ಅವನು ಒಂದು ಹೆಜ್ಜೆ ಮುಂದಿಟ್ಟು ಕೈ ಚಾಚಲು ಹೋದ. ಗುಂಜಾಳ ನಕ್ಕು ಅವನನ್ನು ಹಿಂದಕ್ಕೆಳೆದ. ಮೌನೇಶಪ್ಪ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ. ಬುಧವಾರದ ತಪ್ಪನ್ನು ಅವನು ಹೇಗೆ ಮರೆತಾನು?

"ಎಡ ಹದಿನೇಳು" ಎಂದ. "ದಪ್ಪಗ ಬರದಾರಲ್ರಿ."

ಗುಂಜಾಳ ನನ್ನ ಬೋಳು ಬಿಲ್ಲೆಯನ್ನು ಬೆರಳು ಮಾಡಿ ಜನರಿಗೆ ತೋರಿಸಿದ. ನಗೆ ಎದ್ದಿತು. ನೀವು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡದ್ದು ಈ ಕುರುಡನ ಎಡವಟ್ಟಿಗೆ ಎಂದು ಮಾಲೀಕ ಮೈಕಿನಲ್ಲಿ ಹೇಳಿದ. ನಲವತ್ತು ಮಂದಿಗೆ ತಮ್ಮ ಪೆದ್ದುತನ ಮುಚ್ಚಿಕೊಳ್ಳಬೇಕಿತ್ತು, ಆದ್ದರಿಂದ ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಡಾಕ್ಟರಮ್ಮ ಫೋನೆತ್ತಿ ವಿಡಿಯೋ ಮಾಡಿದರು. ಮೌನೇಶಪ್ಪನಿಗೆ ಜನ ಏಕೆ ನಗುತ್ತಿದ್ದಾರೆಂದು ಮೊದಲು ತಿಳಿಯಲಿಲ್ಲ. ಅವನೂ ಸ್ವಲ್ಪ ನಕ್ಕ. ನನ್ನಿಂದ ಮರೆಯಲಾಗದ್ದು ಅದೇ.

ಮರುದಿನವೇ ಅವನನ್ನು ಬೆಂಕಿಯ ಕೆಲಸದಿಂದ ತೆಗೆದರು. ಎರಡು ತಿಂಗಳಲ್ಲಿ ಯಾವುದೋ ಶಿಬಿರದಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡನಂತೆ, ಸೂಜಿಗೆ ದಾರ ಪೋಣಿಸುವಷ್ಟು ನಿಚ್ಚಳವಾಗಿ ಕಾಣುತ್ತದಂತೆ. ಶೆಡ್ಡುಶೆಡ್ಡಿಗೆ ಹೋಗಿ ಕೆಲಸ ಕೇಳಿದ. ಎಲ್ಲರೂ ವಿಡಿಯೋ ನೋಡಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ನನ್ನ ಗತಿ ಒಳ್ಳೆಯದೇ ಆಯಿತು. ಪಾರ್ಕಿನ ಬಾಗಿಲಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ, ಕೆಂಪು ಬಣ್ಣ ಬಳಿದು ನಿಲ್ಲಿಸಿದರು. ಪಕ್ಕದಲ್ಲಿ ಬೋರ್ಡು: "ಕುರುಡನ ಕೋಸ್ಟರ್". ಒಳ್ಳೆಯ ಹಳಿಗಳು ಹಗಲೆಲ್ಲ ಜನರನ್ನು ಹೊತ್ತು ಸವೆಯುತ್ತಿವೆ, ನನ್ನ ಮೇಲೆ ಒಂದು ಗಾಲಿಯೂ ಉರುಳಿಲ್ಲ, ಆದರೂ ಫೋಟೋ ನನಗೇ ಹೆಚ್ಚು. ಬಳಗದವರು ಇನ್ನೊಂದು ಮೂಲೆಯ ಹೊಸ ಗುಂಡಿಗಳನ್ನು ನೋಡಿ ಮುಂದಿನ ಆಟ ಏನೆಂದು ಆಗಲೇ ಜಗಳ ಶುರುಮಾಡಿದ್ದಾರೆ.

ಕಳೆದ ತಿಂಗಳು ಮೌನೇಶಪ್ಪ ಬಂದ. ಕಪ್ಪು ಕನ್ನಡಕ ತೆಗೆದು ನನ್ನನ್ನು ತುದಿಯಿಂದ ತುದಿಗೆ ನೋಡಿದ. ನನ್ನನ್ನು ಅವನು ಕಣ್ಣಾರೆ ನೋಡಿದ್ದು ಅದೇ ಮೊದಲು. ಒಂದು ಸುಕ್ಕಿಲ್ಲ, ಒಂದು ತಗ್ಗಿಲ್ಲ, ಆ ಇಡೀ ಶೆಡ್ಡಿನಲ್ಲಿ ನನ್ನಷ್ಟು ನುಣ್ಣಗೆ ಬಾಗಿದ ಪೈಪು ಇರಲಿಲ್ಲ. ಅದು ಅವನಿಗೂ ತಿಳಿಯಿತು ಎಂದು ಅವನ ಮುಖ ನೋಡಿ ಹೇಳಬಲ್ಲೆ.

ಅಷ್ಟರಲ್ಲಿ ಡಾಕ್ಟರಮ್ಮ ಗುರುತು ಹಿಡಿದು ಓಡಿ ಬಂದರು. ಬಲು ಮರ್ಯಾದೆಯಿಂದ, ನಗುನಗುತ್ತ ಕೇಳಿದರು:

"ಕಾಕಾ, ನಮ್ಮ ಜೋಡಿ ಒಂದ ಫೋಟೋರಿ. ಅವತ್ತಿನ ಹಂಗ ಕಣ್ಣ ಕಾಣದವರ ಗತೆ ಕೈ ಚಾಚಿ ನಿಂದರ್ರಿ."

ಅವನು ಬೋರ್ಡಿನ ಕಡೆ ನೋಡಿದ. ಈಗ ಅವನ ಕಣ್ಣಿಗೆ ಅಕ್ಷರಗಳು ಕಾಣುತ್ತಿದ್ದವು. ಆಮೇಲೆ ಎರಡೂ ಕಣ್ಣು ಮುಚ್ಚಿ, ನನ್ನತ್ತ ಕೈ ಚಾಚಿ ನಿಂತ. ಫೋಟೋ ತೆಗೆದು ಅವರು ಹೊರಟುಹೋದ ಮೇಲೂ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಬಾಗುವುದು ನನಗೆ ಗೊತ್ತು. ನನ್ನನ್ನು ಬಾಗಿಸಲು ಕೆಂಪಗೆ ಕಾಯುವವರೆಗೆ ಬೆಂಕಿ ಬೇಕಾಗಿತ್ತು, ಅವನಿಗೆ ಒಂದು ನಗುಮಾತೇ ಸಾಕಾಯಿತು.